ಮಹಡಿಯ ಮೇಲೆ ಎರಡು ಟನ್

ಮಾರ್ಚ್ ೬, ೧೯೮೩

ಮಹಡಿಯ ಮನೆಗೆ ಬಾಡಿಗೆಯವರು ಬಂದರು. ನನ್ನನ್ನು ಒಂದು ಮಾತು ಕೇಳದೆ ನಮ್ಮ ಯಜಮಾನರು ಒಪ್ಪಿಕೊಂಡುಬಿಟ್ಟಿದ್ದಾರೆ. ಸಂತೆಯಲ್ಲಿ ಸಿಕ್ಕಿದನಂತೆ, ಬೇರಿಕೆ ಕಡೆಯವನಂತೆ, ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರಂತೆ, ಬಹಳ ಒಳ್ಳೆಯವನಂತೆ. ಈ ಮನೆಯಲ್ಲಿ ಅಂತೆಗಳಿಗೆ ಬರವಿಲ್ಲ. ಹಿಂದೆ ಇದ್ದವನೂ ಒಳ್ಳೆಯವನೇ ಆಗಿದ್ದ. ಆರು ತಿಂಗಳು ನಮ್ಮ ನೆತ್ತಿಯ ಮೇಲೆ ಗಂಧದ ಕೊರಡುಗಳನ್ನು ಬಚ್ಚಿಟ್ಟುಕೊಂಡು, ದಿನಾ ಎದುರಿಗೆ ಸಿಕ್ಕಾಗ ಕೈ ಮುಗಿಯುತ್ತಿದ್ದ. ಪೊಲೀಸರು ಬಂದದ್ದು ಮನೆಗಲ್ಲ, ನನ್ನ ಶಾಲೆಗೆ. ಮಕ್ಕಳೆದುರಿಗೆ "ಜಲಜಮ್ಮ ಅಂದರೆ ಯಾರು?" ಎಂದು ಕೇಳಿದರು. ಇವರಿಗೆ ಅದೆಲ್ಲ ಮರೆತುಹೋಗಿದೆ. ತಾಲ್ಲೂಕು ಕಚೇರಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿಯೂ ಮನುಷ್ಯರನ್ನು ನಂಬುತ್ತಾರೆಂದರೆ ಏನು ಹೇಳಲಿ.

ಹೆಸರು ಕದಿರಪ್ಪ, ಹೆಂಡತಿ ವರಲಕ್ಷ್ಮಮ್ಮ. ಎಷ್ಟು ಜನ ಎಂದು ಕೇಳಿದಿರಾ ಎಂದೆ. ಕೇಳುವುದೇನು, ಗಂಡ ಹೆಂಡತಿ ಎಂದರು.

ಸಾಮಾನು ಇಳಿಸಿದ್ದು ದೀಪ ಹಚ್ಚುವ ಹೊತ್ತಿಗೆ. ಪಾತ್ರೆ, ಹಾಸಿಗೆ, ಎರಡು ಟ್ರಂಕು. ಕೊನೆಯಲ್ಲಿ ಒದ್ದೆ ಪಂಚೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಕದಿರಪ್ಪನೇ ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಮೆಟ್ಟಿಲ ಮೇಲೆಲ್ಲ ನೀರು ತೊಟ್ಟಿಕ್ಕಿತ್ತು.

ಮಾರ್ಚ್ ೧೯

ಮಹಡಿಗೆ ನೀರು ಹೊತ್ತು ಹೊತ್ತು ಬಾವಿಯ ಹಗ್ಗ ಸವೆದುಹೋಗಬೇಕು. ಇಬ್ಬರಿಗೆ ಇಷ್ಟು ನೀರೇಕೆ? ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ವರಲಕ್ಷ್ಮಮ್ಮ ಬಾವಿಕಟ್ಟೆಯಲ್ಲಿರುತ್ತಾಳೆ, ಬಂದಾಗಲೂ ಅಲ್ಲೇ. ಕಿಟಕಿಗಳಿಗೆ ಗೋಣಿಚೀಲ ಹೊದಿಸಿ ಅದನ್ನು ನೆನೆಸುತ್ತಾರೆ. ಹಗಲೆಲ್ಲ ಕಿಟಕಿ ಕಾಣದ ಹಾಗೆ ಮುಚ್ಚಿಕೊಂಡು, ಅಷ್ಟು ನೀರು ಬಳಸಿಕೊಂಡು ಮಾಡುವ ಕೆಲಸ ಯಾವುದೆಂದು ಯೋಚಿಸಿದರೆ ನನಗೆ ಸಾರಾಯಿ ಬಿಟ್ಟು ಬೇರೆ ಹೊಳೆಯುತ್ತಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಮೂಸಿ ನೋಡಿದೆ. ಒದ್ದೆ ಗೋಣಿಯ ವಾಸನೆ ಬಿಟ್ಟು ಏನೂ ಇಲ್ಲ. ವಾಸನೆ ಬಾರದ ಹಾಗೆ ಮಾಡುವವರೂ ಇರುತ್ತಾರೆ.

ಮಾರ್ಚ್ ೩೦

ಶಾಲೆಯಿಂದ ಬಂದರೆ ಮಹಡಿಯ ಗೋಡೆಯಲ್ಲಿ ತೂತು. ಕಿಟಕಿಯಷ್ಟು ದೊಡ್ಡದು. ಗಾರೆಯವನು ನನ್ನ ಮಲ್ಲಿಗೆ ಬಳ್ಳಿಯ ಮೇಲೆಯೇ ಇಟ್ಟಿಗೆ ಚೂರು ಸುರಿದಿದ್ದಾನೆ. ಕೇಳಿದರೆ ಯಜಮಾನರು ಒಪ್ಪಿದ್ದಾರೆ ಎಂದ. ಯಜಮಾನರು ಹೌದು, ನಿನಗೆ ಹೇಳಲು ಮರೆತೆ ಎಂದರು.

ಏರ್ ಕಂಡೀಷನ್ ಮಿಷನ್ನಂತೆ. ನಮ್ಮ ಹೊಸೂರಿನಲ್ಲಿ ಡಾಕ್ಟರ ಮನೆಗೂ ಇಲ್ಲದ್ದು ಒಬ್ಬ ಫಿಟ್ಟರನ ಬಾಡಿಗೆ ಕೋಣೆಗೆ. ಟೆಂಪೋದಲ್ಲಿ ಟಾರ್ಪಾಲು ಮುಚ್ಚಿಕೊಂಡು ಬಂತು. ನಾಲ್ಕು ಜನ ಏದುಸಿರು ಬಿಡುತ್ತ ಹೊತ್ತರು. ಎಷ್ಟು ಭಾರ ಎಂದೆ. ಕದಿರಪ್ಪ ಸ್ವಲ್ಪ ಹೆಮ್ಮೆಯಿಂದಲೇ, "ಎರಡು ಟನ್ ಮಿಷನ್ನು ಟೀಚರಮ್ಮ" ಎಂದ.

ಎರಡು ಟನ್ ಎಂದರೆ ಗಾಡಿಗಟ್ಟಲೆ ಕಲ್ಲು. ಅದರ ಕೆಳಗೆ ನಾನು ಮಲಗಬೇಕು. ಇಳಿಸಿ ಎಂದೆ. ಅವನು ಸಮಾಧಾನವಾಗಿ ವಿವರಿಸಿದ. ಅದು ತೂಕವಲ್ಲವಂತೆ. ದಿನಕ್ಕೆ ಎರಡು ಟನ್ ಐಸು ಕರಗಿದರೆ ಎಷ್ಟು ತಂಪಾಗುತ್ತದೋ ಅಷ್ಟು ತಂಪು ಕೊಡುತ್ತದೆ ಎಂಬ ಲೆಕ್ಕವಂತೆ. ಐಸಿನ ಲೆಕ್ಕದಲ್ಲಿ ಕಬ್ಬಿಣ ಮಾರುವವರನ್ನು ನಾನು ಈವರೆಗೆ ಕೇಳಿಲ್ಲ. ಇವರು ಮಾತ್ರ ತಲೆಯಾಡಿಸುತ್ತ ನಿಂತಿದ್ದರು.

ಎಲ್ಲಿಂದ ಬಂತು ಎಂದರೆ, ಕಾರ್ಖಾನೆಯ ಮೀಟಿಂಗ್ ಹಾಲಿನದು, ಹಳೆಯದೆಂದು ಹರಾಜು ಹಾಕಿದರು ಎಂದ. ಇರಬಹುದು. ಹರಾಜಾಗದೆಯೂ ಸಾಮಾನುಗಳು ಗೇಟು ದಾಟುತ್ತವೆ.

ಏಪ್ರಿಲ್ ೩

ವಿಚಾರಿಸಿ ಬನ್ನಿ ಎಂದು ಇವರನ್ನು ಮೂಕಂಡಪಲ್ಲಿಗೆ ಅಟ್ಟಿದೆ. ಸಂಜೆ ನಗುತ್ತ ಬಂದರು. ಕದಿರಪ್ಪ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ವಡೆ ಕಾಫಿ ಕೊಡಿಸಿದನಂತೆ. ಮಿಷನ್ ವಿಷಯ ಏನಾಯಿತು ಎಂದೆ. ಅಯ್ಯೋ, ಅದನ್ನು ಅಷ್ಟು ಜನರ ಮುಂದೆ ಹೇಗೆ ಕೇಳುವುದು ಎಂದರು.

ಏಪ್ರಿಲ್ ೧೪

ಯುಗಾದಿ. ಈ ಸಲ ತಮಿಳರ ಹೊಸ ವರ್ಷವೂ ಇವತ್ತೇ. ಬೀದಿಯಲ್ಲಿ ಎರಡು ಹಬ್ಬದ ಗದ್ದಲ.

ಹೋಳಿಗೆ ಕೊಡುವ ನೆಪದಲ್ಲಿ ಮಹಡಿಗೆ ಹೋದೆ. ವರಲಕ್ಷ್ಮಮ್ಮ ಬಾಗಿಲನ್ನು ಒಂದು ಗೇಣು ತೆರೆದು, ತಟ್ಟೆ ತೆಗೆದುಕೊಂಡು, ಮೈಯನ್ನೇ ಬಾಗಿಲಿಗೆ ಅಡ್ಡ ಮಾಡಿ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಹಬ್ಬದ ದಿನ ಮನೆಬಾಗಿಲಿಗೆ ಬಂದ ಮುತ್ತೈದೆಗೆ ಕುಂಕುಮ ಕೊಡಲೂ ಇಲ್ಲ. ನಾನು ಇನ್ನೇನು ಇಳಿಯಬೇಕು, ಒಳಗೆ ಕೆಮ್ಮು ಕೇಳಿಸಿತು. ಕದಿರಪ್ಪನ ಕೆಮ್ಮಲ್ಲ. ಮಗುವಿನದು.

ಇಷ್ಟು ವರ್ಷ ಮಕ್ಕಳ ನಡುವೆ ಇದ್ದೇನೆ. ಮಕ್ಕಳ ಕೆಮ್ಮು ನನಗೆ ತಿಳಿಯುತ್ತದೆ.

ಇವರಿಗೆ ಹೇಳಿದೆ. ಇದ್ದರೆ ಇರಲಿ ಬಿಡು, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ ಎಂದರು. ಸ್ವಂತ ಮಗುವಾದರೆ ಬಚ್ಚಿಡುವುದೇಕೆ? ಐದು ವಾರದಲ್ಲಿ ಒಂದು ದಿನವೂ ಹೊರಗೆ ಬಿಡದಿರುವ ಮಗು ಯಾರದು? ಪತ್ರಿಕೆಯಲ್ಲಿ ಏನೇನೋ ಓದುತ್ತೇವೆ. ಹೋಳಿಗೆ ಸೇರಲಿಲ್ಲ.

ಏಪ್ರಿಲ್ ೨೨

ಶಾಲೆಗೆ ರಜೆ ಬಿಟ್ಟಿತು. ಈಗ ಹಗಲೆಲ್ಲ ಮನೆಯಲ್ಲೇ ಇದ್ದು ನೋಡಬಹುದು.

ಕರೆಂಟಿನ ಮೀಟರ್ ನಮ್ಮ ನಡುಮನೆಯ ಗೋಡೆಯಲ್ಲಿದೆ. ಇವರು ಅದರಿಂದಲೇ ಮಹಡಿಗೆ ಬೇರೆ ತಂತಿ ಎಳೆಸಿಕೊಟ್ಟಿದ್ದಾರೆ. ಕದ್ದು ಬಳಸುತ್ತಾರೋ ಎಂದು ಸ್ಟೂಲು ಹಾಕಿಕೊಂಡು ಅದರ ಮುಂದೆಯೇ ಕೂತೆ. ಕಂಡದ್ದು ಇಷ್ಟು: ಮೇಲೆ ಧಡ್ ಎಂದು ಸದ್ದಾಗುತ್ತದೆ, ನಮ್ಮ ಬಲ್ಬು ಕೆಂಪಗಾಗುತ್ತದೆ, ಮೀಟರಿನ ಚಕ್ರ ಹುಚ್ಚು ಹಿಡಿದಂತೆ ತಿರುಗುತ್ತದೆ. ಒಂದು ಲೋಟ ಕಾಫಿ ಕುಡಿಯುವುದರೊಳಗೆ ಸದ್ದು ನಿಂತು ಚಕ್ರ ಆಮೆಯಾಗುತ್ತದೆ. ಮತ್ತೆ ಸ್ವಲ್ಪ ಹೊತ್ತಿಗೆ ಧಡ್. ದಿನವಿಡೀ ಇದೇ. ತಂಪು ಬೇಕಾದವನು ಮಿಷನ್ನನ್ನು ಒಂದೇ ಸಮನೆ ಓಡಿಸಬೇಕಲ್ಲವೇ? ಹೀಗೆ ಹಾಕಿ ತೆಗೆದು, ಹಾಕಿ ತೆಗೆದು ಮಾಡುವುದರಲ್ಲಿ ಏನೋ ಮರ್ಮವಿದೆ. ಮಧ್ಯಾಹ್ನ ಫ್ಯೂಸ್ ಹೋಯಿತು. ಈ ವಾರದಲ್ಲಿ ಇದು ಮೂರನೆಯ ಸಲ.

ಮೇ ೪

ರಾತ್ರಿ ಬಹಳವಾಗಿದೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಊಟದ ಹೊತ್ತಿಗೆ ಫ್ಯೂಸ್ ಹೋಯಿತು. ಇವರು ಕಚೇರಿಯಲ್ಲಿ, ಕದಿರಪ್ಪ ಕಾರ್ಖಾನೆಯಲ್ಲಿ. ವರಲಕ್ಷ್ಮಮ್ಮ ಬಕೆಟ್ಟು ಹಿಡಿದು ಬಿಸಿಲಲ್ಲಿ ಬಸ್ ನಿಲ್ದಾಣದ ಕಡೆ ಓಡಿದ್ದನ್ನು ಕಿಟಕಿಯಿಂದ ನೋಡಿದೆ. ಮಹಡಿಯ ಬಾಗಿಲಿಗೆ ಬೀಗ ಹಾಕುವಷ್ಟು ವ್ಯವಧಾನ ಅವಳಿಗಿರಲಿಲ್ಲ, ಬರೀ ಚಿಲಕ ಹಾಕಿದ್ದಳು. ಇಂಥ ಸಮಯ ಮತ್ತೆ ಸಿಗದೆಂದು ನಾನು ಹತ್ತಿದೆ. ಕದ್ದು ನೋಡಲೆಂದೇ ಹೋದೆ. ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಇದ್ದದ್ದನ್ನು ಬರೆಯುತ್ತಿದ್ದೇನೆ.

ಚಿಲಕ ತೆಗೆದರೆ ಒಲೆಯ ಬಾಯಿ ತೆರೆದ ಹಾಗೆ ಝಳ ಬಡಿಯಿತು. ನೆಲದ ಮೇಲೆ ಒದ್ದೆ ಗೋಣಿ, ಅದರ ಮೇಲೆ ಒಂದು ಹುಡುಗಿ. ಏಳು ವರ್ಷವಿರಬಹುದು. ತಲೆಯಲ್ಲಿ ಜೋಳದ ಕೂಳೆಯಂಥ ನಾಲ್ಕು ಕೂದಲು. ಹುಬ್ಬಿಲ್ಲ. ಬಾಯಿ ಅರ್ಧ ತೆರೆದಿತ್ತು, ಒಳಗೆ ಎರಡೋ ಮೂರೋ ಚೂಪು ಹಲ್ಲು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಆಮೇಲೆ ಮುಟ್ಟಿದೆ. ರೊಟ್ಟಿಯ ಹೆಂಚು ಮುಟ್ಟಿದಂತಾಯಿತು. ಅಷ್ಟು ಬಿಸಿ, ಅಷ್ಟು ಒಣ. ನನ್ನ ಮೈಯಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಅದರ ಹಣೆಯಲ್ಲಿ ಒಂದು ಹನಿ ಇರಲಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. "ನೀರ್ ಹಾಕಿ" ಎಂದಿತು, ಅಷ್ಟೇ.

ಎತ್ತಿಕೊಂಡು ಇಳಿದೆ. ನಡುಮನೆ ದಾಟಿ, ದೇವರ ಕೋಣೆಯ ಮುಂದಿನಿಂದಲೇ ಬಚ್ಚಲಿಗೆ ಹೋದೆ. ಹಂಡೆಯ ತಣ್ಣೀರು ಮುಗಿಯುವ ತನಕ ಹೊಯ್ದೆ. ನನ್ನ ಮಡಿಸೀರೆಯನ್ನೇ ನೆನೆಸಿ ಸುತ್ತಿದೆ. ಬಾಗಿಲಲ್ಲಿ ಗಾಳಿ ಬರುವ ಕಡೆ ಮಡಿಲಲ್ಲಿ ಕೂರಿಸಿಕೊಂಡು ಮೊರದಿಂದ ಬೀಸಿದೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅದು ನನ್ನ ಮುಖ ನೋಡಿ, "ನೀವು ಕೆಳಗಿನ್ ಟೀಚರಾ?" ಎಂದಿತು. ಹೌದು ಎಂದೆ. ಹೆಸರು ಚೂಡಮ್ಮ ಎಂದು ತಾನೇ ಹೇಳಿತು.

ವರಲಕ್ಷ್ಮಮ್ಮ ಸೋಡಾ ಅಂಗಡಿಯಿಂದ ಮರದ ಹೊಟ್ಟಿನಲ್ಲಿ ಮುಚ್ಚಿದ ಐಸು ತಂದಳು. ನಮ್ಮನ್ನು ನೋಡಿ ಬಕೆಟ್ಟನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತಳು.

"ಅವಳ್ಗೆ ಬೆವ್ರು ಬರಲ್ಲ ಟೀಚರಮ್ಮ," ಎಂದಳು. "ಹುಟ್ದಾಗ್ನಿಂದ ಒಂದ್ ಹನಿ ಬಂದಿಲ್ಲ. ಬೆಂಗಳೂರ್ ಡಾಕ್ಟ್ರು ಹೇಳವ್ರೆ, ಮೈ ತಂಪಾಗಿಟ್ರೆ ಎಲ್ಲಾ ಮಕ್ಳಂಗೇ ಬೆಳೀತಾಳೆ, ಕಾದ್ರೆ ಉಳಿಯಲ್ಲ ಅಂತ."

ಬೆವರು ಬಾರದೆ ಮೈಯ ಕಾವು ಹೊರಗೆ ಹೋಗುವುದಿಲ್ಲವಂತೆ. ಕೂದಲು, ಹಲ್ಲು ಸರಿಯಾಗಿ ಬಾರದ್ದೂ ಅದೇ ಹುಟ್ಟುದೋಷದಿಂದಂತೆ. ಇದು ಅಂಟುವ ರೋಗವಲ್ಲ, ಹುಟ್ಟಿನಿಂದಲೇ ಹಾಗೆ. ಬೇರಿಕೆಯಲ್ಲಿ ಅವರ ಓಣಿಯವರು ಮಗುವನ್ನು ನೋಡಿ ನೀರಿನ ತೊಟ್ಟಿಯ ಹತ್ತಿರ ಬರಬೇಡಿ ಎಂದರಂತೆ. ಅದಕ್ಕೇ ಊರು ಬಿಟ್ಟದ್ದು.

ನನಗೊಂದು ಮಾತು ಹೇಳಬಾರದಿತ್ತೇ ಎಂದೆ.

ಅವಳು ತಲೆ ತಗ್ಗಿಸಿಕೊಂಡೇ, "ನೀವ್ ಯಾವತ್ತೂ ಕೇಳ್ಲಿಲ್ಲ ಟೀಚರಮ್ಮ. ನೋಡ್ತಾ ಇದ್ರಿ, ಅಷ್ಟೇ," ಎಂದಳು.

ಮೇ ೫

ಬೆವರೇ ಬಾರದ ಮನುಷ್ಯರಿರುತ್ತಾರೆಯೇ? ಡಾಕ್ಟರು ಹೇಳಿದರೆಂದು ನಂಬಿಬಿಡುವುದೇ? ನಾನೇ ನೋಡುತ್ತೇನೆಂದು ಬೆಳಿಗ್ಗೆಯಿಂದ ಮಹಡಿಯಲ್ಲಿ ಕೂತಿದ್ದೆ. ಮಿಷನ್ ನಿಂತಾಗಲೆಲ್ಲ ಸೆಕೆ ಏರಿ ಮಧ್ಯಾಹ್ನಕ್ಕೆ ನನ್ನ ರವಿಕೆ ಹಿಂಡುವ ಹಾಗಾಯಿತು. ಆ ಮಗು ಸುಣ್ಣದ ಗೋಡೆಯ ಹಾಗೆ ಒಣಗಿಯೇ ಇತ್ತು. ನಿಜ.

ನಾಳೆಯೂ ಒಂದು ಸಲ ನೋಡಿಬರಬೇಕು.

ಮೇ ೯

ನಾಲ್ಕು ದಿನದಿಂದ ಮಹಡಿಯಲ್ಲೇ ಹೆಚ್ಚು ಹೊತ್ತು ಇದ್ದೇನೆ. ಕಣ್ಣಾರೆ ಕಂಡರೆ ಕೆಲವು ವಿಷಯಗಳು ತಿಳಿಯುತ್ತವೆ.

ಆ ಮಿಷನ್ ಕದಿರಪ್ಪನವರಿಗೆ ಮೋಸ ಮಾಡುತ್ತಿದೆ. ಕೋಣೆ ಇರುವುದು ನಾಲ್ಕು ಚಾಪೆಯಷ್ಟು, ಮಿಷನ್ ಮೀಟಿಂಗ್ ಹಾಲಿನದು. ಹಾಕಿದೊಡನೆ ಚಳಿ ಹುಟ್ಟಿಸುತ್ತದೆ, ತಂಪಾಯಿತೆಂದು ತಾನೇ ನಿಂತುಬಿಡುತ್ತದೆ. ನಿಂತಾಗ ಮೇಲಿನ ತಾರಸಿ ಮತ್ತೆ ಕಾಯುತ್ತದೆ. ಒಂದೇ ಸಮನೆ ಓಡಿದರೆ ಗಾಳಿಯ ತೇವವನ್ನೂ ಎಳೆದು ಹೊರಗೆ ಚೆಲ್ಲುತ್ತಿತ್ತೋ ಏನೋ, ಇದು ಅಷ್ಟು ಹೊತ್ತು ಓಡುವುದೇ ಇಲ್ಲ. ಅದರ ಮೇಲೆ ಅವರ ಒದ್ದೆ ಗೋಣಿ, ಒದ್ದೆ ಬಟ್ಟೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಗೋಡೆಗಳು ಬೆವರುತ್ತಿವೆ. ಮೂಲೆಯಲ್ಲಿ ಬೂಷ್ಟು. ಮಗುವಿನ ಕೆಮ್ಮು ಅದರಿಂದಲೇ. ಇಷ್ಟು ತೇವದಲ್ಲಿ ಒದ್ದೆ ಬಟ್ಟೆ ಸುತ್ತಿದರೂ ಅದು ಆರುವುದಿಲ್ಲ. ಆರದ ಬಟ್ಟೆ ಮೈಯನ್ನು ತಂಪು ಮಾಡುವುದು ಹೇಗೆ?

ಚೂಡಮ್ಮನಿಗೆ ಮಾತ್ರ ಆ ಒದ್ದೆ ಗೋಡೆ ಇಷ್ಟ. ಬೆರಳಿನಿಂದ ಅದರ ಮೇಲೆ ಅ ಆ ಇ ಈ ಬರೆಯುತ್ತದೆ. ಅಪ್ಪ ಕಲಿಸಿದ್ದಂತೆ. 'ಋ' ತಪ್ಪಿತ್ತು, ತಿದ್ದಿಕೊಟ್ಟೆ.

ಸಂಜೆ ಕದಿರಪ್ಪನಿಗೆ ಇದನ್ನೆಲ್ಲ ಹೇಳಿದೆ. ಮೊದಲು ಅವನ ಮುಖ ಬಿಗಿದುಕೊಂಡಿತು. "ದೊಡ್ದಾದ್ರೆ ಜಾಸ್ತಿ ತಂಪು ಅಂತ್ಲೇ ತಂದಿದ್ದು ಟೀಚರಮ್ಮ. ಫಿಟ್ಟರ್ ನಾನು, ಮಿಷನ್ನು ನಂಗ್ ಗೊತ್ತಾಗಲ್ವಾ?" ಎಂದ. ಹಾಗಾದರೆ ಬಾ ಎಂದು ಮೀಟರಿನ ಮುಂದೆ ನಿಲ್ಲಿಸಿದೆ. ಚಕ್ರ ಹುಚ್ಚೆದ್ದು ತಿರುಗಿದ್ದನ್ನೂ, ನಿಂತದ್ದನ್ನೂ, ಮತ್ತೆ ಬಲ್ಬು ಕೆಂಪಗಾದದ್ದನ್ನೂ ನೋಡಿದ. ಆಮೇಲೆ, "ಇದನ್ನ ಇಷ್ಟ್ ದಿನ ನೋಡ್ತಿದ್ರಾ?" ಎಂದ.

ಯಾಕೆ ನೋಡುತ್ತಿದ್ದೆನೆಂದು ಹೇಳಲು ಹೋಗಲಿಲ್ಲ.

ಮೇ ೧೨

ನಾನು, ವರಲಕ್ಷ್ಮಮ್ಮ ಇಬ್ಬರೂ ಕೃಷ್ಣಗಿರಿಗೆ ಹೋಗಿಬಂದೆವು. ಕದಿರಪ್ಪ ರಜೆ ಹಾಕಿ ಮಗುವಿನ ಹತ್ತಿರ ಉಳಿದ. ಅವಳೊಬ್ಬಳನ್ನೇ ಕಳಿಸಿದರೆ ಅಂಗಡಿಯವರು ಟೋಪಿ ಹಾಕುತ್ತಾರೆಂದು ನಾನೇ ಹೊರಟೆ. ಸೂಳಗಿರಿ ದಾಟುವತನಕ ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆವು. ಆಮೇಲೆ ಅವಳು ಸೆರಗಿನ ಗಂಟಿನಿಂದ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿದಳು.

ಮೊದಲ ಅಂಗಡಿಯಲ್ಲಿ ಕನ್ನಡಿ ಬಾಗಿಲು, ಇಸ್ತ್ರಿ ಅಂಗಿಯ ಮನುಷ್ಯ. ನಾವು ಎರಡು ಟನ್ನಿನದು ಸರಿಬರುತ್ತಿಲ್ಲ ಎಂದೊಡನೆ, ಸಾಲದೆ ಬಂದಿದ್ದೀರಿ, ಎರಡೂವರೆ ತಗೊಳ್ಳಿ ಎಂದ. ಕೋಣೆ ಎಷ್ಟು ದೊಡ್ಡದೆಂದು ಕೇಳಲಿಲ್ಲ. ಯಾರಿಗಾಗಿ ಎಂದೂ ಕೇಳಲಿಲ್ಲ. ಕೇಳದೆ ಮಾರುವವನನ್ನು ನಂಬಬಾರದು. ಎದ್ದು ಬಂದೆವು.

ಎರಡನೆಯದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆವುಲಪ್ಪ ಎಂಬಾತನ ಅಂಗಡಿ. ಹೊಸದು, ಹಳೆಯದು, ಬಿಚ್ಚಿಟ್ಟದ್ದು ಎಲ್ಲ ಒಟ್ಟಿಗೆ ಬಿದ್ದಿವೆ. ಮನುಷ್ಯ ಮಾತಿನ ಮಲ್ಲ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಬಾಯಲ್ಲಿ ಅರೆಯುತ್ತಾನೆ. ಅವನು ಕೇಳಿದ ಪ್ರಶ್ನೆಗಳು ನನಗೆ ಸರಿಕಾಣಲಿಲ್ಲ. ಮನೆ ಯಾವ ದಿಕ್ಕಿಗಿದೆ, ಕಿಟಕಿ ಎಷ್ಟು, ಯಾವ ಗೋಡೆಗೆ ಸಾಯಂಕಾಲದ ಬಿಸಿಲು, ಹಗಲು ಹೊತ್ತು ಮನೆಯಲ್ಲಿ ಎಷ್ಟು ಜನ ಇರುತ್ತಾರೆ. ನಮ್ಮ ಮನೆಯ ಬಾಗಿಲು ಕಿಟಕಿ ಕಟ್ಟಿಕೊಂಡು ನಿಮಗೇನಾಗಬೇಕು ಎಂದು ಕೇಳಿಯೇಬಿಟ್ಟೆ.

ಅವನು ನಕ್ಕ. "ಅಮ್ಮಾ, ನಾಡಿ ಹಿಡೀದೆ ಔಷ್ದಿ ಕೊಡೋ ಡಾಕ್ಟ್ರ ಹತ್ರ ನೀವು ಹೋಗ್ತೀರಾ? ಮಿಷನ್ ಸೈಜು ಮಿಷನ್ನಲ್ಲಿ ಇಲ್ಲ, ರೂಮಲ್ಲಿ ಐತೆ. ರೂಮ್ ನೋಡ್ದೆ ನಾನ್ ಹೇಳಲ್ಲ."

ಇದ್ದುದರಲ್ಲಿ ಚಿಕ್ಕದೇ ಸಾಕಾಗಬಹುದು ಎಂದೂ ಹೇಳಿದ. ಗಿರಾಕಿ ದೊಡ್ಡದು ಕೇಳಿದರೆ ಚಿಕ್ಕದು ತೋರಿಸುವ ವ್ಯಾಪಾರಿಯನ್ನು ನಾನು ಎಲ್ಲೂ ಕಂಡಿಲ್ಲ. ಏನೋ ಕೆಟ್ಟುಹೋದದ್ದನ್ನು ದಾಟಿಸಲು ನೋಡುತ್ತಿದ್ದಾನೆ. ಆದರೂ ಬರಲಿ ಎಂದು ವಿಳಾಸ ಕೊಟ್ಟೆ. ನಮ್ಮ ಮನೆಯಲ್ಲಿ ನಮ್ಮ ಕಣ್ಣೆದುರಿಗೆ ಏನು ಮಾಡಿಯಾನು.

ಮೇ ೧೫

ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಆವುಲಪ್ಪ ಬಂದ. ಮಹಡಿಯ ಗೋಡೆಗೆ ಅಂಗೈ ಇಟ್ಟ, ತಾರಸಿಯ ಮೇಲೆ ಚಪ್ಪಲಿ ಬಿಟ್ಟು ನಿಂತು ಕಾಲು ಕುಣಿಸುತ್ತ ಇಳಿದ. ಒದ್ದೆ ಗೋಣಿಗಳನ್ನು ಮೊದಲು ತೆಗೆಯಿರಿ ಎಂದ. ಮಿಷನ್ನಿನ ಬಗ್ಗೆ ನಾನು ಹೇಳಿದ್ದೇ ಸರಿ, ಎರಡು ಟನ್ ಈ ಕೋಣೆಗೆ ಅತಿಯಾಯಿತು ಎಂದ. ಆದರೆ ಚಿಕ್ಕದು ಹಾಕಿದರೂ ಕಷ್ಟವಂತೆ. ಮೇಲೆ ಬರಿಯ ತಾರಸಿ, ಪಡುವಣಕ್ಕೆ ಬರಿಯ ಗೋಡೆ. ಬೆಳಿಗ್ಗೆ ಸರಿಹೋಗುವ ಮಿಷನ್ ಮಧ್ಯಾಹ್ನ ಮೂರಕ್ಕೆ ಸೋಲುತ್ತದೆ, ಮೂರಕ್ಕೆ ಸರಿಹೋಗುವ ಮಿಷನ್ ಉಳಿದ ಹೊತ್ತೆಲ್ಲ ಹೀಗೇ ನಿಂತು ನಿಂತು ಓಡುತ್ತದೆ. "ಈ ರೂಮ್ಗೆ ಸರಿಯಾದ್ ಸೈಜೇ ಇಲ್ಲ," ಎಂದ.

ಕದಿರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ವರಲಕ್ಷ್ಮಮ್ಮ ಮಗುವಿನ ತಲೆ ಸವರುತ್ತಲೇ ಇದ್ದಳು.

ಇಳಿದು ಬಂದು ನೀರು ಕೇಳಿದ. ಕುಡಿಯುತ್ತ ನನ್ನ ಕೋಣೆಯೊಳಗೆ ಕತ್ತು ಹಾಕಿದ. ಅದು ಬಡಗಣ ದಿಕ್ಕಿನ ಕೋಣೆ, ನನ್ನ ಮಾವನವರ ಕಾಲದ್ದು. ಮೊಳದಗಲದ ಗೋಡೆ, ಕಿಟಕಿಯ ಹೊರಗೆ ಹೊಂಗೆ ಮರ, ನೆತ್ತಿಯ ಮೇಲೆ ಮಹಡಿಯ ನೆರಳು. ನನ್ನ ಮಂಚ, ಪುಸ್ತಕ, ಹೊಲಿಗೆ ಮಿಷನ್ನು ಎಲ್ಲ ಅಲ್ಲೇ. ಅವನು ಗೋಡೆ ಮುಟ್ಟಿ, "ಇಂಥಾ ರೂಮಾಗಿದ್ರೆ ಒಂದು ಟನ್ ಮೆತ್ತಗೆ ಓಡ್ಕೊಂಡ್ ಇರ್ತಿತ್ತು. ಕರೆಂಟೂ ಅರ್ಧ," ಎಂದ.

ಆ ಕೋಣೆ ಕೊಡಿ ಎಂದು ವರಲಕ್ಷ್ಮಮ್ಮ ಕೇಳಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಇವರು ಕಿಟಕಿಯ ಕಡೆ ಮುಖ ಮಾಡಿ ಹೊಂಗೆ ಮರವನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ಆವುಲಪ್ಪನ ಕಿವಿಯಲ್ಲಿ ಇವರೇ ಮೊದಲು ಏನೋ ಊದಿರಬೇಕು. ನನ್ನ ಕೋಣೆಯೇ ಅವನ ಕಣ್ಣಿಗೆ ಬಿದ್ದದ್ದು ಹೇಗೆ?

ಮೇ ೧೭

ಮಹಡಿಯಲ್ಲಿ ನಿಂತರೆ ಬೀದಿಯ ಎರಡು ತುದಿಯೂ ಕಾಣುತ್ತದೆ. ಯಾರು ಬಂದರು, ಯಾರು ಹೋದರು ಎಲ್ಲ ಗೊತ್ತಾಗುತ್ತದೆ. ಕೆಳಗಿದ್ದು ಇಷ್ಟು ವರ್ಷ ಅರ್ಧ ಊರನ್ನು ನೋಡದೆ ಇದ್ದೆ. ಮಂಚ ಮೇಲೆ ಹೋಗಲಿ ಎಂದು ಇವರಿಗೆ ಹೇಳಿದೆ. ಬಾಡಿಗೆಯವರು ಕೆಳಗಿದ್ದರೆ ಅವರ ಮೇಲೆ ಕಣ್ಣಿಡುವುದೂ ಸುಲಭ. ಅಡಿಗೆಮನೆ ನನ್ನದು ನನಗೇ ಇರಲಿ, ಅವರ ಒಲೆ ಹಿತ್ತಿಲ ಕೊಟ್ಟಿಗೆಯಲ್ಲಿ.

ಇವರು ರಾತ್ರಿಯ ಊಟಕ್ಕೆ ತಾವಾಗಿಯೇ ಎಲೆ ಹಾಕಿದರು.

ಮೇ ೨೩

ಮಿಷನ್ ಬಂತು. ನನ್ನ ಕೋಣೆಯ ಕಿಟಕಿಯಲ್ಲೇ ಕೂರಿಸಿದರು, ಗೋಡೆ ಒಡೆಯಲಿಲ್ಲ. ದೊಡ್ಡದನ್ನು ಆವುಲಪ್ಪ ಬದಲಿಗೆ ತೆಗೆದುಕೊಂಡ. ಯಾವುದೋ ಕಲ್ಯಾಣ ಮಂಟಪಕ್ಕೆ ಬೇಕಂತೆ. ದೊಡ್ಡದು ಕೊಟ್ಟು ಚಿಕ್ಕದು ತೆಗೆದುಕೊಳ್ಳುವ ನಮ್ಮಂಥವರನ್ನು ಕಂಡು ಅವನು ದಾರಿಯುದ್ದಕ್ಕೂ ನಕ್ಕಿರುತ್ತಾನೆ. ಹಳೆಯ ಸಾಮಾನಿಗೆ ಬಣ್ಣ ಬಳಿದು ತಂದಿದ್ದಾನೋ ಎಂದು ಉಗುರಿನಿಂದ ಕೆರೆದು ನೋಡಿದೆ.

ಆಮೇಲೆ ಮೀಟರಿನ ಮುಂದೆ ಕೂತೆ. ಬಲ್ಬು ಒಮ್ಮೆ ಮಿಟುಕಿತು, ಅಷ್ಟೇ. ಚಕ್ರ ಗಾಣದೆತ್ತಿನ ಹಾಗೆ ಒಂದೇ ಹದದಲ್ಲಿ ಸುತ್ತುತ್ತಿತ್ತು. ಇನ್ನೇನು ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಹೊರಗೆ ಮಿಷನ್ನಿನ ಬುಡದಿಂದ ನೀರು ತೊಟ್ಟಿಕ್ಕುತ್ತಿದೆ. ಆ ಗಾಳಿಯ ತೇವವೇ ಅದು. ಮಲ್ಲಿಗೆಯ ಬುಡಕ್ಕೆ ತಿರುಗಿಸಿದೆ.

ಒಳಗೆ ಸರಿಯಾಗಿದೆಯೋ ಎಂದು ಪರೀಕ್ಷಿಸಲು ಹೋಗಿ ಚಾಪೆಯ ಮೇಲೆ ಸ್ವಲ್ಪ ಒರಗಿದೆ. ಎಚ್ಚರವಾದಾಗ ಸಂಜೆ. ಮೈಮೇಲೆ ಯಾರೋ ಹೊದಿಕೆ ಹಾಕಿದ್ದರು.

ಮೇ ೨೮

ಈ ಕೋಣೆಯ ಗೋಡೆ ಒಣಗಿದೆ, ಬರೆಯಲು ಆಗುವುದಿಲ್ಲ ಎಂದು ಚೂಡಮ್ಮನ ದೂರು. ಸ್ಲೇಟು ಕೊಟ್ಟೆ. ಕೆಮ್ಮು ಇಲ್ಲ. ಒತ್ತಕ್ಷರ ಶುರು ಮಾಡಿದೆವು. ಸಂಜೆ ಬಿಸಿಲು ಇಳಿದ ಮೇಲೆ ಹೊಂಗೆ ಮರದ ಕೆಳಗೆ ಕೂತುಕೊಳ್ಳುತ್ತೇವೆ. ಮಹಡಿಯ ಕೋಣೆ ನಿಜಕ್ಕೂ ಕಾದ ಕಾವಲಿ. ಇವರು ತಾರಸಿಗೆ ತೆಂಗಿನ ಗರಿ ಹೊದಿಸಿದ್ದಾರೆ.

ಜೂನ್ ೬

ಶಾಲೆ ತೆರೆಯಿತು. ಚೂಡಮ್ಮನನ್ನು ಸೇರಿಸಿಕೊಳ್ಳಿ ಎಂದು ಅಂಬುಜಮ್ಮನವರನ್ನು ಕೇಳಿದೆ. ನಮ್ಮ ಹೆಡ್ ಮಿಸ್ಟ್ರೆಸ್. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರು. ಮಗುವನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ತಲೆಯಿಂದ ಕಾಲಿನತನಕ ನೋಡಿದರು. ಅಂಟು ರೋಗವಲ್ಲವೆಂದು ಗ್ಯಾರಂಟಿ ಏನು, ಯಾವ ಊರಿನವರು, ಇಷ್ಟು ದಿನ ಯಾಕೆ ಮನೆಯಲ್ಲೇ ಬಚ್ಚಿಟ್ಟಿದ್ದರು, ನಿಮಗೇಕೆ ಇಷ್ಟು ಆಸ್ಥೆ ಎಂದೆಲ್ಲ ಕೇಳಿದರು. ಮೂಲೆಯಲ್ಲಿದ್ದ ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೂತು ಮಾತಾಡಿಸಿ ನೋಡುವುದಿಲ್ಲ, ಹತ್ತಿರ ಕರೆದು ಹೆಸರು ಕೇಳುವುದಿಲ್ಲ. ದೂರದಿಂದಲೇ ನೋಡಿ ಮನಸ್ಸಿನಲ್ಲಿ ಏನೇನೋ ಕಟ್ಟಿಕೊಳ್ಳುತ್ತಾರೆ. ಇಂಥ ಜನರೂ ಇರುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಮನೆಗೆ ಬಂದು ಇವರಿಗೆ ಹೇಳಿದರೆ ಇವರು ನನ್ನ ಮುಖವನ್ನೇ ನೋಡುತ್ತ ಕೂತರು. ಏನು ಎಂದರೆ ಏನಿಲ್ಲ ಎಂದರು.

ಜೂನ್ ೭

ಬೆಂಗಳೂರಿನ ಡಾಕ್ಟರ ಚೀಟಿಯನ್ನು ಕದಿರಪ್ಪನಿಂದ ಇಸಿದುಕೊಂಡು ಹೋಗಿ ಅಂಬುಜಮ್ಮನವರ ಮೇಜಿನ ಮೇಲಿಟ್ಟೆ. ನನ್ನ ತರಗತಿಯಲ್ಲಿ, ನನ್ನ ಪಕ್ಕದ ಕಿಟಕಿಯ ಹತ್ತಿರ ಕೂರುತ್ತಾಳೆ, ಬೆಳಗಿನ ಹೊತ್ತು ಮಾತ್ರ ಬರುತ್ತಾಳೆ, ಒದ್ದೆ ಬಟ್ಟೆ ಹಾಕುವುದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಒಂದು ವಾರ ನೋಡೋಣ ಎಂದರು.

ಜೂನ್ ೧೦

ಮೂರು ದಿನದಿಂದ ಮೋಡ, ತಂಗಾಳಿ. ಚೂಡಮ್ಮನಿಗೆ ಬೇಕಾದ ಹವೆ. ಮೊದಲ ದಿನ ಹುಡುಗಿಯರು ಅದರ ಬೆಂಚು ಬಿಟ್ಟು ಕೂತರು. ಎರಡನೆಯ ದಿನ ಲಕ್ಷ್ಮಿದೇವಿ ಎಂಬುವಳು ಅದರ ಅಂಗೈ ಮುಟ್ಟಿ ನೋಡಿದಳು. ಇವತ್ತು ಬೆಂಚಿನಲ್ಲಿ ಜಾಗವಿಲ್ಲ. ಉಳಿದವರ ಕಾಪಿ ಪುಸ್ತಕದಲ್ಲಿ ಬೆವರಿನ ಕೈಗೆ ಶಾಯಿ ಕಲಸಿ ಮೆತ್ತಿಕೊಂಡಿದ್ದರೆ ಇದರ ಹಾಳೆ ಮಾತ್ರ ತೊಳೆದಿಟ್ಟ ಹಾಗಿರುತ್ತದೆ. ಅದನ್ನು ನೋಡಲು ಗುಂಪು.

ಅಂಬುಜಮ್ಮನವರು ತರಗತಿಗೆ ಬಂದರು. ಪುಸ್ತಕ ತಿರುವಿ ಹಾಕಿ, ಶಾಲೆಯ ಮುಖವನ್ನೇ ಕಾಣದಿದ್ದ ಮಗು ಇಷ್ಟು ಚೊಕ್ಕಟವಾಗಿ ಬರೆಯಿತೇ ಎಂದು ನನ್ನ ಕಡೆ ನೋಡಿದರು. ನಾನೇ ಬರೆದುಕೊಟ್ಟಿದ್ದೇನೆಂದು ಅವರ ಅನುಮಾನ. ನಿಮ್ಮೆದುರಿಗೇ ಬರೆಸಿ ಎಂದೆ. ನಿನ್ನ ಮನೆಯ ವಿಷಯ ಒಂದು ವಾಕ್ಯ ಬರಿ ಎಂದರು.

ಚೂಡಮ್ಮ ನಾಲಿಗೆಯನ್ನು ತುಟಿಯ ಮೂಲೆಯಲ್ಲಿಟ್ಟುಕೊಂಡು ಬರೆಯಿತು: ನಮ್ಮ ಮನೆಯಲ್ಲಿ ಐದು ಜನ ಇದ್ದೇವೆ.

ಅಂಬುಜಮ್ಮನವರು ಓದಿ, "ಅಪ್ಪ, ಅಮ್ಮ, ಇವಳು. ಮೂರೇ ಅಲ್ಲವೇ ಜಲಜಮ್ಮ? ತಪ್ಪು ಬರೆದಿದ್ದಾಳೆ," ಎಂದರು.

ಪುಸ್ತಕವನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದೆ. ಒತ್ತು, ದೀರ್ಘ ಎಲ್ಲ ಸರಿಯಾಗಿತ್ತು. ತಪ್ಪೇನೂ ಇಲ್ಲ ಎಂದೆ.